ಚಿಟಿಕೆ ಉಪ್ಪಿನ ಲೆಕ್ಕ

‘ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್’ ಎಂಬ ಇಂಗ್ಲಿಷ್ ನುಡಿಗಟ್ಟು ಕಿವಿಗೆ ಬಿದ್ದ ಮಾತನ್ನು ಹಾಗೆಯೇ ನಂಬಬೇಡ ಎಂದು ಎಚ್ಚರಿಸುತ್ತದೆ. ಪದಕ್ಕೆ ಪದ ಇಟ್ಟರೆ ‘ಚಿಟಿಕೆ ಉಪ್ಪು ಸೇರಿಸಿಕೊಂಡು ತಗೋ’ ಎಂದಾಗುತ್ತದೆ. ಹೇಳಿದವರು ಸ್ವಲ್ಪ ಹಿಗ್ಗಿಸಿರಬಹುದು, ಆ ಮಾತಿನಿಂದ ಅವರಿಗೆ ಏನೋ ಲಾಭವಿರಬಹುದು, ಅಥವಾ ಅವರಿಗೂ ಅರ್ಧವಷ್ಟೇ ಗೊತ್ತಿರಬಹುದು. ಆದ್ದರಿಂದ ಕೇಳುವವರು ತಮ್ಮ ಕಡೆಯಿಂದ ಒಂದಿಷ್ಟು ಅನುಮಾನ ಬೆರೆಸಿಕೊಳ್ಳಬೇಕು ಎಂಬುದು ಇದರ ಆಶಯ. ಆದರೆ ಆ ಮಾತು ಸುಳ್ಳು ಎಂದು ಈ ನುಡಿಗಟ್ಟು ಎಲ್ಲಿಯೂ ಹೇಳುವುದಿಲ್ಲ. ಬಳಸುವಾಗ ಹೆಚ್ಚಿನವರು ಎಡವುವುದು ಇಲ್ಲಿಯೇ. ಇದರ ಕ್ರಿಯಾಪದ ‘ತಗೋ’ ಎಂದಿದೆ, ‘ಬಿಸಾಡು’ ಎಂದಿಲ್ಲ. ಉಪ್ಪು ಬೇಕಾಗುವುದು ತಿನ್ನುವ ಪದಾರ್ಥಕ್ಕೆ ತಾನೆ? ತಿಪ್ಪೆಗೆ ಎಸೆಯುವುದಕ್ಕೆ ಯಾರೂ ಉಪ್ಪು ಹಾಕುವುದಿಲ್ಲ.

ಬೆಂಗಳೂರಿನ ಸುತ್ತಮುತ್ತ ನಿವೇಶನ ಮಾರುವವರ ಜಾಹೀರಾತುಗಳಲ್ಲಿ ‘ವಿಮಾನ ನಿಲ್ದಾಣಕ್ಕೆ ಕೇವಲ 20 ನಿಮಿಷ’ ಎಂಬ ಸಾಲು ಮಾಮೂಲು. ಬಡಾವಣೆ ಇರುವುದು ನಿಜ, ರಸ್ತೆ ಇರುವುದೂ ನಿಜ, ನಸುಕಿನ ಮೂರು ಗಂಟೆಗೆ ಹೊರಟರೆ 20 ನಿಮಿಷವೂ ನಿಜವಾದೀತು. ಉಪ್ಪು ಬೇಕಿರುವುದು ಆ ‘ಕೇವಲ’ಕ್ಕೆ. ಇಂಥ ಸಂದರ್ಭವೇ ಈ ನುಡಿಗಟ್ಟಿನ ಸಹಜ ನೆಲೆ. ಹೊಸ ಫೋನಿನ ಬ್ಯಾಟರಿ ಇಷ್ಟು ಗಂಟೆ ಬರುತ್ತದೆ ಎಂಬ ಕಂಪನಿಯ ಮಾತು, ನಿವೃತ್ತ ಅಧಿಕಾರಿ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡ ಸಾಹಸ, ತಂಡದ ಆಯ್ಕೆಗೆ ಮೊದಲೇ ಹರಿದಾಡುವ ಕ್ರಿಕೆಟ್ ಸುದ್ದಿ, ಕೋಚಿಂಗ್ ಕೇಂದ್ರದ ಫಲಿತಾಂಶದ ಫಲಕ ಇವೆಲ್ಲ ಆ ಸಾಲಿನವು. ಎಲ್ಲದರಲ್ಲೂ ಒಂದು ತಿರುಳು ಇದೆ, ಅದರ ಸುತ್ತ ಒಂದಿಷ್ಟು ಊದಿಕೆಯೂ ಇದೆ. ಊದಿಕೆ ಹೆಚ್ಚಾದಷ್ಟೂ ಚಿಟಿಕೆ ದೊಡ್ಡದಾಗುತ್ತದೆ. ಇಂಗ್ಲಿಷ್ ಮಾತನಾಡುವವರು ‘ದೊಡ್ಡ ಚಿಟಿಕೆ’, ಕೆಲವೊಮ್ಮೆ ತಮಾಷೆಗೆ ‘ಒಂದು ಬಕೆಟ್ ಉಪ್ಪು’ ಎಂದು ಹೇಳುವುದೂ ಉಂಟು. ಬ್ರಿಟನ್ನಿನಲ್ಲೂ ಭಾರತದಲ್ಲೂ ರೂಢಿಯಲ್ಲಿರುವುದು ‘ಪಿಂಚ್’, ಅಂದರೆ ಚಿಟಿಕೆ. ಅಮೆರಿಕದವರು ‘ಗ್ರೇನ್ ಆಫ್ ಸಾಲ್ಟ್’ ಎನ್ನುತ್ತಾರೆ, ಅಂದರೆ ಒಂದು ಹರಳು ಉಪ್ಪು. ಅರ್ಥದಲ್ಲಿ ವ್ಯತ್ಯಾಸವಿಲ್ಲ. ಇವೆರಡರಲ್ಲಿ ಹರಳೇ ಹಳೆಯದು. ಬ್ರಿಟಿಷರ ಚಿಟಿಕೆ ಬಳಕೆಗೆ ಬಂದದ್ದು 20ನೆಯ ಶತಮಾನದಲ್ಲಿ.

ಆ ಹರಳಿನ ಜಾಡು ಹಿಡಿದು ಹೋದರೆ ರೋಮಿನ ಹಿರಿಯ ಪ್ಲಿನಿಯ ಬಳಿಗೆ ತಲುಪುತ್ತೇವೆ ಎಂಬುದು ಸಾಮಾನ್ಯ ವಿವರಣೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ಈ ಪ್ಲಿನಿ, 37 ಸಂಪುಟಗಳ ‘ನ್ಯಾಚುರಾಲಿಸ್ ಹಿಸ್ಟೋರಿಯಾ’ ಎಂಬ ಭಾರೀ ಕೋಶವನ್ನು ಬರೆದಿಟ್ಟವನು. ಅದರ 23ನೆಯ ಸಂಪುಟದಲ್ಲಿ ಅಕ್ರೋಟಿನ ಗುಣಗಳನ್ನು ಹೇಳುತ್ತಾ ಆತ ಒಂದು ಪ್ರತಿವಿಷದ ಪಾಕವನ್ನು ಕೊಡುತ್ತಾನೆ. ಒಣಗಿದ 2 ಅಕ್ರೋಟು, 2 ಅಂಜೂರ, ರೂ ಎಂಬ ಕಹಿ ಮೂಲಿಕೆಯ 20 ಎಲೆ, ಇವನ್ನು ಒಟ್ಟಿಗೆ ಅರೆದು, ಒಂದು ಹರಳು ಉಪ್ಪು ಸೇರಿಸಿ ಬರಿಹೊಟ್ಟೆಯಲ್ಲಿ ತಿಂದರೆ ಆ ದಿನ ಯಾವ ವಿಷವೂ ತಟ್ಟದಂತೆ. ಈ ಪಾಕ ಸಿಕ್ಕಿದ್ದು ಪಾಂಟಸ್ ದೇಶದ ರಾಜ ಆರನೆಯ ಮಿಥ್ರಿಡಾಟಿಸನ ಖಾಸಗಿ ಕಪಾಟಿನಲ್ಲಿ, ಅವನದೇ ಕೈಬರಹದಲ್ಲಿ. ಅವನನ್ನು ಸೋಲಿಸಿದ ರೋಮನ್ ಸೇನಾಪತಿ ಪಾಂಪಿಗೆ ಅದು ದೊರಕಿತು ಎಂದು ಪ್ಲಿನಿ ಬರೆಯುತ್ತಾನೆ.

ಮಿಥ್ರಿಡಾಟಿಸ್ ಕಪ್ಪು ಸಮುದ್ರದ ದಕ್ಷಿಣ ದಂಡೆಯ ರಾಜ. ಇಂದು ಆ ನೆಲ ಟರ್ಕಿಯಲ್ಲಿದೆ. ರೋಮಿನೊಡನೆ ಮೂರು ಯುದ್ಧ ಮಾಡಿದ ಈತನಿಗೆ ವಿಷಪ್ರಾಶನದ ಭಯ ಬಹಳ. ದಿನವೂ ಸ್ವಲ್ಪಸ್ವಲ್ಪ ವಿಷ ಸೇವಿಸಿ ಮೈಗೆ ರೂಢಿ ಮಾಡಿಸಿಕೊಂಡಿದ್ದ ಎಂಬ ಕಥೆ ಪ್ರಾಚೀನ ಕಾಲದಲ್ಲೇ ಪ್ರಸಿದ್ಧವಾಗಿತ್ತು. ಕ್ರಿ.ಪೂ. 63ರಲ್ಲಿ ಮಗನೇ ದಂಗೆ ಎದ್ದಾಗ, ಕ್ರೈಮಿಯಾದ ಕೋಟೆಯಲ್ಲಿ ಸಿಕ್ಕಿಬಿದ್ದ ರಾಜ ವಿಷ ಕುಡಿದ. ಜೊತೆಗೆ ಕುಡಿದ ಇಬ್ಬರು ಹೆಣ್ಣುಮಕ್ಕಳು ಸತ್ತರು. ಇವನಿಗೆ ಮಾತ್ರ ಏನೂ ಆಗಲಿಲ್ಲ. ವಿಷ ಬೇಗ ಏರಲಿ ಎಂದು ಅತ್ತಿತ್ತ ಬಿರುಸಾಗಿ ನಡೆದಾಡಿದರೂ ಫಲವಿಲ್ಲದೆ, ಕೊನೆಗೆ ತನ್ನ ದಂಡಿನ ಗಾಲ್ ಜನಾಂಗದ ಅಧಿಕಾರಿಯೊಬ್ಬನ ಕತ್ತಿಯಿಂದ ಸಾಯಬೇಕಾಯಿತು ಎಂದು ಇತಿಹಾಸಕಾರ ಅಪಿಯನ್ ಹೇಳುತ್ತಾನೆ. ಅವನ ಹೆಸರಿನ ಪ್ರತಿವಿಷ ಮಾತ್ರ ಅವನಿಗಿಂತ ಬಹಳ ಕಾಲ ಬಾಳಿತು. ಯೂರೋಪಿನ ಔಷಧಿ ಅಂಗಡಿಗಳಲ್ಲಿ ‘ಮಿಥ್ರಿಡೇಟ್’ 18ನೆಯ ಶತಮಾನದವರೆಗೂ ಮಾರಾಟವಾಗುತ್ತಿತ್ತು. 1745ರಲ್ಲಿ ವಿಲಿಯಂ ಹೆಬರ್ಡನ್ ಎಂಬ ಇಂಗ್ಲಿಷ್ ವೈದ್ಯ ಅದರ ವಿರುದ್ಧ ಒಂದು ಪುಸ್ತಿಕೆಯನ್ನೇ ಬರೆದ ಮೇಲೆ ಅದರ ಬೆಲೆ ಇಳಿಯತೊಡಗಿತು. ಪ್ಲಿನಿಗೂ ಇದರ ದೊಡ್ಡ ರೂಪದ ಮೇಲೆ ನಂಬಿಕೆ ಇರಲಿಲ್ಲ. ಮಿಥ್ರಿಡಾಟಿಸನ ಹೆಸರಿನಲ್ಲಿ ಮಾರುವ ಮದ್ದಿಗೆ 54 ಪದಾರ್ಥಗಳಂತೆ, ಒಂದೊಂದರದೂ ಬೇರೆ ಬೇರೆ ತೂಕವಂತೆ, ಕೆಲವು ಒಂದು ನಾಣ್ಯದ ಅರವತ್ತನೆಯ ಒಂದು ಪಾಲಿನಷ್ಟಂತೆ ಎಂದು ಇನ್ನೊಂದು ಸಂಪುಟದಲ್ಲಿ ಲೇವಡಿ ಮಾಡಿ, ಇದೆಲ್ಲ ವಿದ್ಯೆಯ ಆಡಂಬರ ಎಂದು ಆತ ತೀರ್ಮಾನಿಸುತ್ತಾನೆ.

ಆದರೆ ಪ್ಲಿನಿಯ ಪಾಕದಲ್ಲಿರುವ ಉಪ್ಪು ನಿಜವಾದ ಉಪ್ಪೇ. ಅದಕ್ಕೆ ಅನುಮಾನದ ಅರ್ಥವಿಲ್ಲ. ವಿಷವನ್ನು ಉಪ್ಪಿನ ಜೊತೆ ನುಂಗಿದರೆ ಅಪಾಯವಿಲ್ಲ, ಹಾಗೆಯೇ ಅನುಮಾನಾಸ್ಪದ ಮಾತನ್ನೂ ಉಪ್ಪಿನ ಜೊತೆ ತೆಗೆದುಕೊಳ್ಳಬೇಕು ಎಂದು ರೋಮನರೇ ಹೇಳುತ್ತಿದ್ದರೆಂಬ ವಿವರಣೆ ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ಪ್ರಾಚೀನ ಲ್ಯಾಟಿನ್ನಿನಲ್ಲಿ ಆಧಾರವಿಲ್ಲ. ‘ಕುಮ್ ಗ್ರಾನೊ ಸಾಲಿಸ್’, ಅಂದರೆ ‘ಉಪ್ಪಿನ ಹರಳಿನೊಡನೆ’ ಎಂಬ ಲ್ಯಾಟಿನ್ ಮಾತು ರೂಢಿಗೆ ಬಂದದ್ದು ಬಹಳ ತಡವಾಗಿ, ಯೂರೋಪಿನ ವಿದ್ವಾಂಸರು ಧರ್ಮಶಾಸ್ತ್ರ ಮತ್ತು ಕಾನೂನಿನ ಚರ್ಚೆಗಳನ್ನು ಲ್ಯಾಟಿನ್ನಿನಲ್ಲಿ ನಡೆಸುತ್ತಿದ್ದ ಕಾಲದಲ್ಲಿ. ಇಂಗ್ಲಿಷಿನಲ್ಲಿ ಅದರ ಮೊದಲ ಬಳಕೆ ಎಂದು ಸಾಮಾನ್ಯವಾಗಿ ತೋರಿಸುವುದು 1647ರಲ್ಲಿ ಜಾನ್ ಟ್ರ್ಯಾಪ್ ಎಂಬ ಪಾದ್ರಿ ಬೈಬಲ್ಲಿಗೆ ಬರೆದ ವ್ಯಾಖ್ಯಾನವನ್ನು. ಪ್ಲಿನಿಗೂ ಟ್ರ್ಯಾಪನಿಗೂ ನಡುವೆ ಸುಮಾರು 1,600 ವರ್ಷಗಳ ಅಂತರವಿದೆ. ಲ್ಯಾಟಿನ್ನಿನಲ್ಲಿ ಉಪ್ಪಿನ ಹೆಸರಾದ ‘ಸಾಲ್’ ಎಂಬುದಕ್ಕೆ ಜಾಣತನ, ಚುರುಕುಮಾತು ಎಂಬ ಅರ್ಥವೂ ಇತ್ತು. ನುಡಿಗಟ್ಟಿನ ಉಪ್ಪು ರಾಜನ ಪಾಕದ್ದಾಗಿರುವುದಕ್ಕಿಂತ ಈ ಜಾಣತನದ ಉಪ್ಪೇ ಆಗಿರುವುದು ಹೆಚ್ಚು ಸಂಭವ ಎನಿಸುತ್ತದೆ. ಇಟಲಿಯವರು ಇಂದಿಗೂ ತಿಳಿವಳಿಕೆ ಇರುವವನನ್ನು ‘ಕುಂಬಳಕಾಯಿಯಲ್ಲಿ ಉಪ್ಪಿರುವವನು’ ಎನ್ನುತ್ತಾರೆ. ಕುಂಬಳಕಾಯಿ ಎಂದರೆ ಇಲ್ಲಿ ತಲೆ.

ಬೇರೆ ಯೂರೋಪಿಯನ್ ಭಾಷೆಗಳಲ್ಲೂ ಈ ಹರಳು ಇದೆ. ಜರ್ಮನರೂ ಡಚ್ಚರೂ ಇದೇ ಅರ್ಥದಲ್ಲಿ ಬಳಸುತ್ತಾರೆ. ಫ್ರೆಂಚರಲ್ಲಿ ಮಾತ್ರ ‘ತನ್ನ ಉಪ್ಪಿನ ಹರಳು ಹಾಕುವುದು’ ಎಂದರೆ ಕೇಳದೆಯೇ ನಡುವೆ ಬಾಯಿ ಹಾಕುವುದು. ಇಂಗ್ಲಿಷಿನಲ್ಲೇ ಉಪ್ಪಿನ ನುಡಿಗಟ್ಟುಗಳು ಇನ್ನೂ ಇವೆ. ‘ವರ್ತ್ ಹಿಸ್ ಸಾಲ್ಟ್’ ಎಂದರೆ ಕೊಟ್ಟ ಸಂಬಳಕ್ಕೆ ತಕ್ಕ ಕೆಲಸಗಾರ, ಬೈಬಲ್ಲಿನಿಂದ ಬಂದ ‘ಸಾಲ್ಟ್ ಆಫ್ ದಿ ಅರ್ತ್’ ಎಂದರೆ ಸರಳ ಸಜ್ಜನ. ಇವುಗಳಿಗೂ ಅನುಮಾನಕ್ಕೂ ಸಂಬಂಧವಿಲ್ಲ.

ಹರಳುಪ್ಪನ್ನು ಎಷ್ಟು ಹಾಕಬೇಕು ಎಂಬುದನ್ನು ಕಲಿಯಲು ಪ್ಲಿನಿಯ ಪುಸ್ತಕಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ, ಅದರಲ್ಲೂ ಭಾರತದ ಓದುಗರಿಗೆ. ಭಾರತದಲ್ಲಿ ನಾಯಿತಲೆಯ ಮನುಷ್ಯರಿದ್ದಾರೆ, ಒಂದೇ ಕಾಲಿನ ಜನ ಬಿಸಿಲಿಗೆ ಅಂಗಾತ ಮಲಗಿ ಅದೇ ಪಾದವನ್ನು ಕೊಡೆಯಂತೆ ಹಿಡಿಯುತ್ತಾರೆ, ಗಂಗೆಯ ಮೂಲದ ಬಳಿ ಬಾಯಿಯೇ ಇಲ್ಲದವರು ಬರೀ ವಾಸನೆಯಿಂದ ಬದುಕುತ್ತಾರೆ ಎಂದು ಆತ ಏಳನೆಯ ಸಂಪುಟದಲ್ಲಿ ಬರೆಯುತ್ತಾನೆ. ಅದೇ ಪ್ಲಿನಿ 12ನೆಯ ಸಂಪುಟದಲ್ಲಿ ಕರಿಮೆಣಸು ರೋಮಿನಲ್ಲಿ ಪೌಂಡಿಗೆ 4 ದಿನಾರಿ ನಾಣ್ಯ, ಬಿಳಿ ಮೆಣಸು 7, ಹಿಪ್ಪಲಿ 15 ಎಂದು ದರಪಟ್ಟಿ ಕೊಡುತ್ತಾನೆ. ಭಾರತದ ಸರಕಿಗಾಗಿ ರೋಮ್ ಸಾಮ್ರಾಜ್ಯ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯಕ್ಕೆ ಕಡಿಮೆ ಇಲ್ಲದಂತೆ ಹಣ ಕಳೆದುಕೊಳ್ಳುತ್ತಿದೆ ಎಂದು ಗೊಣಗುತ್ತಾನೆ. ಕೇರಳ ಕರಾವಳಿಯ ಮುಜಿರಿಸ್ ಬಂದರಿಗೆ ಹೋಗುವುದು ಒಳ್ಳೆಯದಲ್ಲ, ಹತ್ತಿರದ ನಿಟ್ರಿಯಾಸಿನಲ್ಲಿ ಕಡಲುಗಳ್ಳರಿದ್ದಾರೆ ಎಂದು ಎಚ್ಚರಿಸುತ್ತಾನೆ. ಈ ನಿಟ್ರಿಯಾಸ್ ಎಂದರೆ ನೇತ್ರಾವತಿ ಸಮುದ್ರ ಸೇರುವ ಮಂಗಳೂರಿನ ಕಡೆ ಇರಬೇಕು ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ.

ಒಬ್ಬನೇ ಲೇಖಕ, ಒಂದೇ ಪುಸ್ತಕ. ಒಂದೇ ಕಾಲಿನ ಜನರನ್ನು ನಂಬಿದವನ ಮೆಣಸಿನ ದರವನ್ನು ಹೇಗೆ ನಂಬುವುದು? ಇತಿಹಾಸಕಾರರು ನಂಬುತ್ತಾರೆ, ಅದಕ್ಕೆ ಕಾರಣವೂ ಇದೆ. ಪ್ಲಿನಿ ಭಾರತಕ್ಕೆ ಬಂದವನಲ್ಲ. ನೂರು ಲೇಖಕರ ಸುಮಾರು 2,000 ಸುರುಳಿಗಳಿಂದ 20,000 ಸಂಗತಿಗಳನ್ನು ಆಯ್ದಿದ್ದೇನೆ ಎಂದು ಮುನ್ನುಡಿಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಒಂದೇ ಕಾಲಿನ ಜನ ಅವನಿಗೆ ಸಿಕ್ಕಿದ್ದು ಅವನಿಗಿಂತ ನಾನ್ನೂರಕ್ಕೂ ಹೆಚ್ಚು ವರ್ಷ ಹಿಂದಿನ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯನಿಂದ. ಪರ್ಷಿಯಾದ ಆಸ್ಥಾನದಲ್ಲಿದ್ದ ಆ ವೈದ್ಯನೂ ಭಾರತವನ್ನು ಕಂಡವನಲ್ಲ, ಬಂದು ಹೋಗುವವರ ಬಾಯಿಯಿಂದ ಕೇಳಿ ಬರೆದವನು. ಮೆಣಸಿನ ಕಥೆ ಬೇರೆ. ಮೆಣಸು ರೋಮಿನ ಪೇಟೆಯಲ್ಲಿ ಪ್ಲಿನಿಯ ಕಣ್ಣೆದುರೇ ಮಾರಾಟವಾಗುತ್ತಿತ್ತು. ದರ ತಪ್ಪು ಬರೆದಿದ್ದರೆ ಅವನ ಮೊದಲ ಓದುಗರೇ ನಗುತ್ತಿದ್ದರು. ಆದ್ದರಿಂದ ಉಪ್ಪನ್ನು ಪುಸ್ತಕದ ಮೇಲೆಲ್ಲ ಒಂದೇ ಸಮ ಉದುರಿಸುವುದರಲ್ಲಿ ಅರ್ಥವಿಲ್ಲ. ದೂರದಿಂದ, ಕೈಯಿಂದ ಕೈಗೆ ಬಂದ ಸಂಗತಿಗೆ ಹೆಚ್ಚು ಬೇಕು, ಹತ್ತಿರದಲ್ಲಿ ನೋಡಿ ಪರೀಕ್ಷಿಸಬಹುದಾದದ್ದಕ್ಕೆ ಕಡಿಮೆ ಸಾಕು. 5 ಕೋಟಿಯ ಲೆಕ್ಕಕ್ಕೆ ಮಧ್ಯಮ ಪ್ರಮಾಣ. ರೋಮಿನ ಶ್ರೀಮಂತರ ಬೆಡಗನ್ನು ಖಂಡಿಸುವುದು ಪ್ಲಿನಿಯ ಹಳೆಯ ಚಟ, ಅಂಥವನ ಕೈಯಲ್ಲಿ ಖರ್ಚಿನ ಅಂಕಿ ಸ್ವಲ್ಪ ಉಬ್ಬಿರಲಿಕ್ಕೂ ಸಾಕು.

ಪ್ಲಿನಿಗಿಂತ ಮೊದಲೇ ಗ್ರೀಕ್ ಭೂಗೋಳಕಾರ ಸ್ಟ್ರಾಬೊ, ಭಾರತದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಸುಳ್ಳುಗಾರರು ಎಂದು ಸಿಟ್ಟಿನಿಂದಲೇ ಬರೆದಿದ್ದ. ಅವನ ಪಟ್ಟಿಯಲ್ಲಿ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ರಾಯಭಾರಿ ಮೆಗಸ್ತನೀಸನೂ ಇದ್ದಾನೆ. ಆದರೆ ಅದೇ ಸ್ಟ್ರಾಬೊ ಮುಂದೆ ಭಾರತವನ್ನು ವರ್ಣಿಸಲು ಕುಳಿತಾಗ ಮೆಗಸ್ತನೀಸನಿಂದಲೇ ಪುಟಗಟ್ಟಲೆ ಎತ್ತಿಕೊಳ್ಳುತ್ತಾನೆ. ಇದನ್ನು ಇಬ್ಬಂದಿತನ ಎನ್ನಬೇಕಾಗಿಲ್ಲ. ಬಾಯಿಲ್ಲದ ಜನರನ್ನು ಕಟ್ಟುಕಥೆ ಎಂದು ತಳ್ಳಿ, ಪಾಟಲಿಪುತ್ರಕ್ಕೆ ಮರದ ಕೋಟೆಗೋಡೆ ಇತ್ತು ಎಂಬುದನ್ನು ಅವನು ಉಳಿಸಿಕೊಂಡ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಟ್ನಾದ ಬುಲಂದಿ ಬಾಗ್‌ನಲ್ಲಿ ಅಗೆದಾಗ ಭಾರೀ ಮರದ ದಿಮ್ಮಿಗಳ ಗೋಡೆಯ ಅವಶೇಷಗಳು ನೆಲದಡಿಯಿಂದ ಸಿಕ್ಕವು. ಸುಳ್ಳುಗಾರ ಎಂದು ಬೈದವನ ಪುಸ್ತಕವನ್ನು ಸ್ಟ್ರಾಬೊ ಪೂರ್ತಿ ಮೂಲೆಗೆ ಒಗೆದಿದ್ದರೆ ಆ ವಿವರ ಅವನ ಮೂಲಕ ನಮಗೆ ಬರುತ್ತಿರಲಿಲ್ಲ.

ಕನ್ನಡನಾಡಿನ ಇತಿಹಾಸದಲ್ಲಿ ಹೀಗೆ ಸೋಸಿ ಓದುವ ಕೆಲಸಕ್ಕೆ ಹೆಚ್ಚು ಒದಗುವವರು ವಿಜಯನಗರಕ್ಕೆ ಬಂದ ಪೋರ್ಚುಗೀಸರು. ಡೊಮಿಂಗೊ ಪಾಯೆಸ್ 1520ರ ಆಸುಪಾಸಿನಲ್ಲಿ, ಫೆರ್ನಾವ್ ನೂನಿಜ್ 1535ರ ಆಸುಪಾಸಿನಲ್ಲಿ ಬರೆದ ಬರಹಗಳು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. ಅವುಗಳ ಇಂಗ್ಲಿಷ್ ಅನುವಾದವನ್ನು ರಾಬರ್ಟ್ ಸೆವೆಲ್ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಪುಸ್ತಕದಲ್ಲಿ ಸೇರಿಸಿದ. 1520ರ ರಾಯಚೂರು ಯುದ್ಧಕ್ಕೆ ಕೃಷ್ಣದೇವರಾಯ 7 ಲಕ್ಷಕ್ಕೂ ಹೆಚ್ಚು ಕಾಲಾಳು, 32,000ಕ್ಕೂ ಹೆಚ್ಚು ಕುದುರೆ, ಸುಮಾರು 550 ಆನೆಗಳೊಡನೆ ಹೊರಟ ಎಂದು ನೂನಿಜನ ಬರಹ ಲೆಕ್ಕ ಕೊಡುತ್ತದೆ. ರಾಯನ ಬಳಿ ಸದಾ 10 ಲಕ್ಷ ಸೈನಿಕರು ಸಿದ್ಧರಿರುತ್ತಾರೆ ಎಂದು ಪಾಯೆಸ್ ಹೇಳುತ್ತಾನೆ. ಶಾಲೆಯ ಭಾಷಣಗಳಲ್ಲಿ ಈ ಅಂಕಿಗಳು ಅಭಿಮಾನದಿಂದ ಮೊಳಗುತ್ತವೆ. 7 ಲಕ್ಷ ಜನರಿಗೆ ಹಂಪಿಯಿಂದ ರಾಯಚೂರಿನವರೆಗೆ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಧಾನ್ಯ, ಎಷ್ಟು ನೀರು ಬೇಕು ಎಂದು ಯೋಚಿಸಿದವರಿಗೆ ಕೈ ತಾನಾಗಿಯೇ ಉಪ್ಪಿನ ಮರಿಗೆಯ ಕಡೆ ಹೋಗುತ್ತದೆ. ನೂನಿಜ್ ಬರೆದದ್ದು ಯುದ್ಧ ಮುಗಿದು ಹದಿನೈದು ವರ್ಷದ ಮೇಲೆ. ಸೈನ್ಯದ ಸಂಖ್ಯೆಯಂತೂ ಎಲ್ಲ ಕಾಲದಲ್ಲೂ ಎಲ್ಲ ಆಸ್ಥಾನಗಳಲ್ಲೂ ಹಿಗ್ಗುವ ಅಂಕಿ.

ಆದರೆ ಇದೇ ಪಾಯೆಸ್ ರಾಯನನ್ನು ಹತ್ತಿರದಿಂದ ಕಂಡು ಬರೆದ ಭಾಗಕ್ಕೆ ಬಂದರೆ ಧಾಟಿಯೇ ಬೇರೆ. ರಾಯ ಮಧ್ಯಮ ಎತ್ತರದವನು, ಮುಖದಲ್ಲಿ ಸಿಡುಬಿನ ಕಲೆಗಳಿವೆ, ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಕಸರತ್ತು ಕುಸ್ತಿ ಮಾಡಿ ಕುದುರೆ ಏರುತ್ತಾನೆ ಎಂಬ ವಿವರಗಳು ಅಲ್ಲಿವೆ. ಮುಖಸ್ತುತಿ ಮಾಡುವವನು ಸಿಡುಬಿನ ಕಲೆಯ ಮಾತೆತ್ತುವುದಿಲ್ಲ. ಹೊಗಳುಬರಹದ ನಡುವೆ ಹೊಗಳಿಕೆಗೆ ಒದಗದ ಒಂದು ಸಂಗತಿ ಇದ್ದರೆ ಅದು ನಿಜವಿರುವ ಸಾಧ್ಯತೆ ಹೆಚ್ಚು ಎಂಬುದು ಇತಿಹಾಸಕಾರರ ಹಳೆಯ ಅಳತೆಗೋಲು. ಹೊಸಪೇಟೆಯ ಬಳಿ ದೊಡ್ಡ ಕೆರೆಯ ಏರಿ ಕಟ್ಟುವ ಕೆಲಸ ನಡೆಯುತ್ತಿದ್ದುದನ್ನೂ ಆತ ಕಂಡು ಬರೆದಿದ್ದಾನೆ. ಅಲ್ಲಿ ದುಡಿಯುತ್ತಿದ್ದವರ ಸಂಖ್ಯೆಗೆ ಒಂದು ಚಿಟಿಕೆ ಬೇಕು, ಏರಿಗೆ ಬೇಡ. ಹೀಗೆ ಒಬ್ಬನೇ ಸಾಕ್ಷಿಯ ಒಂದು ಸಾಲಿಗೂ ಮುಂದಿನ ಸಾಲಿಗೂ ಬೇರೆ ಬೇರೆ ಪ್ರಮಾಣ ಹಾಕಲು ಬರುವುದೇ ಈ ನುಡಿಗಟ್ಟಿನ ವಿವೇಕ.

ನ್ಯಾಯಾಲಯಗಳು ಇದನ್ನೇ ತತ್ವವಾಗಿ ಕಟ್ಟಿಕೊಂಡಿವೆ. ಒಂದು ವಿಷಯದಲ್ಲಿ ಸುಳ್ಳು ಹೇಳಿದವನು ಎಲ್ಲದರಲ್ಲೂ ಸುಳ್ಳು ಹೇಳಿದಂತೆಯೇ ಎಂಬ ಲ್ಯಾಟಿನ್ ಸೂತ್ರವೊಂದಿದೆ. ಅದು ಭಾರತದಲ್ಲಿ ಕಡ್ಡಾಯ ನಿಯಮವಲ್ಲ ಎಂದು ಸುಪ್ರೀಂ ಕೋರ್ಟ್ 1957ರ ನಿಸಾರ್ ಅಲಿ ಪ್ರಕರಣದಲ್ಲಿ ಹೇಳಿತು. ಸಾಕ್ಷಿಗಳು ನಿಜಕ್ಕೆ ಒಂದಿಷ್ಟು ಬಣ್ಣ ಕಟ್ಟುವುದು ಸಾಮಾನ್ಯ, ಅಷ್ಟಕ್ಕೇ ನಿಜವನ್ನೂ ಕೈಬಿಟ್ಟರೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ, ಕಾಳು ಯಾವುದು ಜೊಳ್ಳು ಯಾವುದು ಎಂದು ನ್ಯಾಯಾಧೀಶರೇ ತೂರಿ ನೋಡಬೇಕು ಎಂಬುದು ನಮ್ಮ ನ್ಯಾಯಾಲಯಗಳಲ್ಲಿ ನೆಲೆಗೊಂಡ ನಿಲುವು. ಅದೇ ವರ್ಷದ ವಡಿವೇಲು ತೇವರ್ ತೀರ್ಪು ಸಾಕ್ಷಿಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಇವೆರಡೂ ಅಲ್ಲದ ನಡುವಿನವರು. ಮೊದಲಿನ ಎರಡು ಬಗೆಯವರಿಂದ ತೊಂದರೆಯಿಲ್ಲ. ಮೂರನೆಯವರ ಮಾತಿಗೆ ಬೇರೆ ಕಡೆಯಿಂದ ಬೆಂಬಲ ಹುಡುಕಬೇಕು. ‘ಪಿಂಚ್ ಆಫ್ ಸಾಲ್ಟ್’ ಇರುವುದೇ ಈ ಮೂರನೆಯವರಿಗಾಗಿ.

ಸಂಬಂಧಿಕರ ಸಾಕ್ಷ್ಯದ ಬಗ್ಗೆ 1953ರ ದಲೀಪ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಹೇಳಿದ್ದು ಇನ್ನೂ ಸೂಕ್ಷ್ಮ. ಕೊಲೆಯಾದವನ ಹತ್ತಿರದ ಬಂಧು ಎಂಬ ಕಾರಣಕ್ಕೇ ಸಾಕ್ಷಿಯನ್ನು ಅನುಮಾನಿಸುವುದು ರೂಢಿ. ಆದರೆ ನಿಜವಾದ ಕೊಲೆಗಾರನನ್ನು ಬಿಟ್ಟು ನಿರಪರಾಧಿಯೊಬ್ಬನನ್ನು ಸಿಲುಕಿಸಲು ಸತ್ತವನ ಬಂಧುವಿಗೆ ಏಕೆ ಮನಸ್ಸು ಬಂದೀತು? ಹಳೆಯ ದ್ವೇಷ ಇದ್ದರೆ ಅದು ಬೇರೆ ಮಾತು. ಬರಿಯ ಸಂಬಂಧ ಅನುಮಾನಕ್ಕೆ ಕಾರಣವಾಗಬೇಕಿಲ್ಲ. ಹೇಳಿದವರಿಗೆ ಲಾಭವಿದೆಯೇ ಎಂದು ಕೇಳುವವರು, ಆ ಲಾಭ ಸುಳ್ಳಿನ ಕಡೆಗೆ ಎಳೆಯುತ್ತದೆಯೋ ನಿಜದ ಕಡೆಗೋ ಎಂದೂ ಕೇಳಬೇಕು ಎಂಬುದನ್ನು ಈ ತೀರ್ಪಿನಿಂದ ಕಲಿಯಬಹುದು. ಉಪ್ಪನ್ನು ಯಾಂತ್ರಿಕವಾಗಿ ಸುರಿಯುವವರಿಗೆ ಈ ಎರಡನೆಯ ಪ್ರಶ್ನೆ ಹೊಳೆಯುವುದಿಲ್ಲ.

ಚುನಾವಣೆ ಬಂದಾಗ ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ನುಡಿಗಟ್ಟಿಗೆ ಸುಗ್ಗಿ. ಮತಗಟ್ಟೆ ಸಮೀಕ್ಷೆಗಳು 2004ರಲ್ಲಿ ವಾಜಪೇಯಿ ಸರ್ಕಾರ ಮರಳುತ್ತದೆ ಎಂದಿದ್ದವು, ಮರಳಲಿಲ್ಲ. 2024ರ ಜೂನ್ 1ರಂದು ಹೆಚ್ಚಿನ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟವು, ಜೂನ್ 4ರಂದು ಬಂದದ್ದು 293. ಇಷ್ಟಾದ ಮೇಲೆ ಸಮೀಕ್ಷೆಗಳೆಲ್ಲ ಬುರುಡೆ ಎನ್ನುವವರು ಹೆಚ್ಚಾದರು. ಆದರೆ 2023ರ ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಬಹುತೇಕ ಸಮೀಕ್ಷೆಗಳು ಕಾಂಗ್ರೆಸ್ ಮುಂದಿದೆ ಎಂಬ ದಿಕ್ಕನ್ನು ಸರಿಯಾಗಿಯೇ ಹೇಳಿದ್ದವು, ಕೆಲವು ಸ್ಪಷ್ಟ ಬಹುಮತವನ್ನೂ ಹೇಳಿದ್ದವು. ಬಂದ ಸ್ಥಾನ 135. ಯಾರು ಮುಂದೆ ಎಂಬುದಕ್ಕೆ ಕಡಿಮೆ ಉಪ್ಪು, ಎಷ್ಟು ಸ್ಥಾನ ಎಂಬುದಕ್ಕೆ ಹೆಚ್ಚು. ಮತಪ್ರಮಾಣದಲ್ಲಿ ಆಗುವ ಸಣ್ಣ ತಪ್ಪು ಸ್ಥಾನಗಳಾಗಿ ಬದಲಾಗುವಾಗ ಹಲವು ಪಟ್ಟು ಹಿಗ್ಗುತ್ತದೆ ಎಂದು ತಿಳಿದವರು ಹೀಗೆಯೇ ಓದುತ್ತಾರೆ. ಟಿವಿ ಪರದೆಯ ಮೇಲೆ ದೊಡ್ಡದಾಗಿ ಮಿನುಗುವುದು ಮಾತ್ರ ಆ ಎರಡನೆಯ ಅಂಕಿ.

ಕನ್ನಡ ಓದುಗರು ಈ ನುಡಿಗಟ್ಟಿನ ಮುಂದೆ ತಬ್ಬಿಬ್ಬಾಗುವುದಕ್ಕೆ ಒಂದು ಕಾರಣ, ನಮ್ಮ ಉಪ್ಪು ಎದುರು ದಿಕ್ಕಿನಲ್ಲಿ ಕೆಲಸ ಮಾಡುವುದು. ಕನ್ನಡದಲ್ಲಿ ‘ಉಪ್ಪು ಖಾರ ಹಚ್ಚಿ ಹೇಳಿದ’ ಎಂದರೆ ಹೇಳುವವನೇ ಇಲ್ಲದ್ದನ್ನು ಸೇರಿಸಿ ರುಚಿ ಕಟ್ಟಿದ ಎಂದರ್ಥ. ಇಂಗ್ಲಿಷಿನಲ್ಲಿ ಉಪ್ಪು ಹಾಕಿಕೊಳ್ಳುವವನು ಕೇಳುವವನು, ಹಾಕಿಕೊಳ್ಳುವುದು ಉತ್ಪ್ರೇಕ್ಷೆಯನ್ನು ತಗ್ಗಿಸುವುದಕ್ಕೆ. ನಮ್ಮ ಉಪ್ಪಿಗೆ ಇನ್ನೊಂದು ನಂಟು ಋಣದ್ದು, ‘ಉಪ್ಪು ತಿಂದ ಮನೆಗೆ ಎರಡು ಬಗೆಯುವುದು’ ಎಂಬಲ್ಲಿ ಇರುವುದು ಅದು. ಆದ್ದರಿಂದ ಅನುವಾದಕರು ಗಡಿಬಿಡಿಯಲ್ಲಿ ‘ಸಚಿವರ ಹೇಳಿಕೆಯನ್ನು ಚಿಟಿಕೆ ಉಪ್ಪಿನೊಂದಿಗೆ ಸ್ವೀಕರಿಸಬೇಕು’ ಎಂದು ಬರೆದಾಗ ಓದುಗರಿಗೆ ಸಚಿವರು ಮಸಾಲೆ ಹಚ್ಚಿದರೋ, ಪತ್ರಿಕೆ ಹಚ್ಚಿತೋ ತಿಳಿಯುವುದಿಲ್ಲ. ‘ಪೂರ್ತಿ ನಂಬುವಂತಿಲ್ಲ’, ‘ಸೋಸಿ ತೆಗೆದುಕೊಳ್ಳಬೇಕು’, ‘ಅರ್ಧ ಬಿಟ್ಟು ಅರ್ಧ ನಂಬಬೇಕು’ ಎಂದರೆ ಕೆಲಸ ಆಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹತ್ತಿರ ಬರುತ್ತದೆ, ಆದರೆ ಅದು ಚಿಟಿಕೆಗಿಂತ ಬಹಳ ಖಾರವಾದದ್ದು, ಕಣ್ಣನ್ನೂ ಬಿಡುವುದಿಲ್ಲ. ಉಪ್ಪೇ ಇಲ್ಲದೆ ನುಂಗುವವರ ಚಿತ್ರ ಬೇಕೆಂದರೆ, ಎತ್ತು ಈಯಿತು ಎಂದಾಗ ಕರುವನ್ನು ಕೊಟ್ಟಿಗೆಗೆ ಕಟ್ಟು ಎಂದವರನ್ನು ಗಾದೆ ಆಗಲೇ ತೋರಿಸಿದೆ.

ಅನುಮಾನ ಬೆರೆಸುವುದಕ್ಕೆ ಕನ್ನಡದಲ್ಲಿ ಇನ್ನೂ ಚಿಕ್ಕ ಉಪಕರಣವೊಂದಿದೆ. ‘ಅವರು ಮನೆ ಮಾರಿದರು’ ಎಂಬುದಕ್ಕೂ ‘ಮನೆ ಮಾರಿದರಂತೆ’ ಎಂಬುದಕ್ಕೂ ಇರುವ ವ್ಯತ್ಯಾಸ ‘ಅಂತೆ’ ಎಂಬ ಎರಡಕ್ಷರ. ಇದು ನಾನು ಕಂಡದ್ದಲ್ಲ, ಕೇಳಿದ್ದು, ಜವಾಬ್ದಾರಿ ನನ್ನದಲ್ಲ ಎಂಬಷ್ಟನ್ನೂ ಅದು ಹೇಳುತ್ತದೆ. ಇಲ್ಲಿ ಉಪ್ಪನ್ನು ಹೇಳುವವರೇ ಪ್ರಾಮಾಣಿಕವಾಗಿ ಜೊತೆಗಿಟ್ಟು ಕೊಡುತ್ತಾರೆ. ತೊಂದರೆ ಇರುವುದು ಮಾತು ಮೂರನೆಯ ಬಾಯಿಗೆ ಹೋದಾಗ ಆ ‘ಅಂತೆ’ ಉದುರಿಹೋಗಿ ‘ಮಾರಿದರು’ ಮಾತ್ರ ಉಳಿಯುವುದರಲ್ಲಿ. ಪತ್ರಿಕೆಗಳ ‘ಎನ್ನಲಾಗಿದೆ’ ಕೂಡ ಇದೇ ಕುಲದ್ದು. ಅದು ಪ್ರತಿ ಸಾಲಿನಲ್ಲೂ ಬರತೊಡಗಿದರೆ ಮಾತ್ರ ಎಚ್ಚರಿಕೆಯಾಗಿ ಉಳಿಯದೆ, ಬರೆದವರು ಅಡಗಿಕೊಳ್ಳುವ ಮರೆಯಾಗುತ್ತದೆ.

ಎಲ್ಲಿ ಈ ನುಡಿಗಟ್ಟು ಸಲ್ಲದು ಎಂಬುದೂ ತಿಳಿದಿರಬೇಕು. ಬ್ಯಾಂಕಿನವರೆಂದು ಹೇಳಿಕೊಂಡು ಒಟಿಪಿ ಕೇಳುವ ಕರೆಯನ್ನು ಚಿಟಿಕೆ ಉಪ್ಪಿನೊಡನೆ ಕೇಳುವುದಲ್ಲ, ಇಟ್ಟುಬಿಡುವುದು. ಒಂದೇ ವಾರದಲ್ಲಿ ಸಕ್ಕರೆ ಕಾಯಿಲೆ ವಾಸಿ ಎಂಬ ಸಂದೇಶದಲ್ಲಿ ಉಳಿಸಿಕೊಳ್ಳಲು ತಿರುಳೇ ಇಲ್ಲ. ಪೂರ್ತಿ ಸುಳ್ಳಿಗೆ ‘ಪಿಂಚ್ ಆಫ್ ಸಾಲ್ಟ್’ ಎಂದರೆ ಸುಳ್ಳಿಗೆ ಅರ್ಧ ಮರ್ಯಾದೆ ಕೊಟ್ಟಂತೆ. ಇನ್ನೊಂದು ತುದಿಯಲ್ಲಿ, ತನಗೆ ಹಿಡಿಸದ ನಿಜವನ್ನು ತಳ್ಳಿಹಾಕಲು ಇದನ್ನು ಬಳಸುವವರಿದ್ದಾರೆ. ಒಂದೇ ಲೆಕ್ಕಪರಿಶೋಧನಾ ವರದಿ ಎದುರು ಪಕ್ಷದ ಸರ್ಕಾರವನ್ನು ಟೀಕಿಸಿದಾಗ ದಾಖಲೆ, ತಮ್ಮ ಸರ್ಕಾರವನ್ನು ಟೀಕಿಸಿದಾಗ ಉಪ್ಪು ಬೇಕಾದ ಪದಾರ್ಥ. ಅನುಮಾನ ಮಾತಿನ ಗುಣವನ್ನು ನೋಡಿ ಹುಟ್ಟಬೇಕು, ಕೇಳುವವರ ಇಷ್ಟವನ್ನು ನೋಡಿ ಅಲ್ಲ.

ಬಳಕೆಯ ಮರ್ಯಾದೆಯ ಬಗ್ಗೆ ಒಂದೆರಡು ಮಾತು. ಎದುರಿಗಿರುವ ವ್ಯಕ್ತಿಗೇ ‘ನಿಮ್ಮ ಮಾತನ್ನು ಚಿಟಿಕೆ ಉಪ್ಪಿನೊಡನೆ ತೆಗೆದುಕೊಳ್ಳುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಅದು ನಯವಾದ ಅವಮಾನ. ಮೇಲಧಿಕಾರಿಗೆ, ಗ್ರಾಹಕರಿಗೆ ಬರೆಯುವ ಇಮೇಲಿನಲ್ಲಿ ಇದು ಬೇಡ. ಮೂರನೆಯವರ ಮಾತಿನ ಬಗ್ಗೆ, ಒಂದು ವರದಿಯ ಬಗ್ಗೆ, ಒಂದು ಅಂಕಿಯ ಬಗ್ಗೆ ಹೇಳುವಾಗ ತೊಂದರೆಯಿಲ್ಲ. ತನ್ನದೇ ಮಾತಿನ ಬಗ್ಗೆ ಹೇಳಿಕೊಂಡರಂತೂ ಸೌಜನ್ಯ: ‘ನಾನು ಆ ಊರಿಗೆ ಹೋಗಿ ಹತ್ತು ವರ್ಷವಾಯಿತು, ನಾನು ಹೇಳುವ ದಾರಿಯನ್ನು ಸ್ವಲ್ಪ ಉಪ್ಪು ಸೇರಿಸಿಯೇ ಕೇಳಿ’ ಎಂಬ ಧಾಟಿಯಲ್ಲಿ. ಕಚೇರಿಯ ಟಿಪ್ಪಣಿಗೆ, ವೈದ್ಯಕೀಯ ವರದಿಗೆ, ಪರೀಕ್ಷೆಯ ಉತ್ತರಕ್ಕೆ ಇದು ಹಗುರವಾಗುತ್ತದೆ. ಅಲ್ಲಿ ಅನುಮಾನದ ಕಾರಣವನ್ನೇ ಬರೆಯಬೇಕು. ಅಂಕಿ ಕಂಪನಿಯೇ ಕೊಟ್ಟದ್ದು, ಬೇರೆ ಮೂಲದಿಂದ ದೃಢಪಟ್ಟಿಲ್ಲ ಎಂದೋ, ಸಾಕ್ಷಿ ಸ್ಥಳದಲ್ಲಿ ಇರಲಿಲ್ಲ, ಕೇಳಿದ್ದನ್ನು ಹೇಳಿದ್ದಾರೆ ಎಂದೋ ಬರೆದರೆ ಓದುವವರು ಉಪ್ಪಿನ ಪ್ರಮಾಣವನ್ನು ತಾವೇ ನಿರ್ಧರಿಸಿಕೊಳ್ಳುತ್ತಾರೆ.